ಎರಡನೆಯ ಲಸಿಕೆ ಕಾರ್ಡು

ಮಜ್ಜೆ ಕಸಿ ಮಾಡಿಸಿಕೊಂಡ ಮಗು ಮನೆಗೆ ಬಂದೊಡನೆ ಚಿಕಿತ್ಸೆ ಮುಗಿದಂತಲ್ಲ. ಬಾಲ್ಯದಲ್ಲಿ ಹಾಕಿಸಿದ ಲಸಿಕೆಗಳ ನೆನಪನ್ನು ಅದರ ದೇಹ ಕಳೆದುಕೊಂಡಿರುತ್ತದೆ. ಎಲ್ಲವನ್ನೂ ಮತ್ತೆ ಮೊದಲಿನಿಂದ ಹಾಕಿಸಬೇಕು. ಎರಡು ವರ್ಷಕ್ಕೂ ಮಿಕ್ಕಿ ಸಾಗುವ ಈ ಕೆಲಸ ನಡುದಾರಿಯಲ್ಲಿ ನಿಲ್ಲದಂತೆ ನೋಡಿಕೊಳ್ಳುವ ಹೊಣೆ ಆಸ್ಪತ್ರೆಯದಷ್ಟೇ ಅಲ್ಲ, ಮನೆಯದು, ಊರಿನದು, ಶಾಲೆಯದು ಕೂಡ.

ಕರ್ನಾಟಕದ ಹಳ್ಳಿಗಳಲ್ಲಿ ಗುರುವಾರವೆಂದರೆ ಲಸಿಕೆಯ ದಿನ. ಭಟ್ಕಳ ತಾಲೂಕಿನ ಶಿರಾಲಿಯಲ್ಲಾಗಲಿ, ನೆರೆಯ ಹೊನ್ನಾವರ, ಕುಮಟಾ ತಾಲೂಕುಗಳಲ್ಲಾಗಲಿ, ಅಂದು ಆರೋಗ್ಯ ಕೇಂದ್ರದತ್ತ ಹೊರಟ ತಾಯಂದಿರ ಕೈಯಲ್ಲಿ ಕೂಸಿನ ಜೊತೆಗೆ ‘ತಾಯಿ ಕಾರ್ಡು’ ಇರುತ್ತದೆ. ಹುಟ್ಟಿದ ಕೂಡಲೆ ಬಿ.ಸಿ.ಜಿ.; ಆರು, ಹತ್ತು, ಹದಿನಾಲ್ಕನೆಯ ವಾರಗಳಲ್ಲಿ ಪೆಂಟಾವೇಲೆಂಟ್ ಮತ್ತು ಪೋಲಿಯೊ; ಒಂಬತ್ತು ತಿಂಗಳು ತುಂಬಿದ ಮೇಲೆ ದಡಾರ-ರುಬೆಲ್ಲಾ. ಹೀಗೆ ಒಂದೊಂದೇ ಚೌಕದಲ್ಲಿ ತಾರೀಕು ಬೀಳುತ್ತ ಹೋಗುತ್ತದೆ. ಮಗು ಶಾಲೆಗೆ ಸೇರಿದ ಮೇಲೆ ಆ ಕಾರ್ಡು ಕಪಾಟಿನ ತಳ ಸೇರುತ್ತದೆ. ಹೆಚ್ಚಿನ ಮನೆಗಳಲ್ಲಿ ಅದನ್ನು ಮತ್ತೆ ಹೊರತೆಗೆಯುವ ಪ್ರಸಂಗ ಬರುವುದಿಲ್ಲ.

ಕೆಲವೇ ಕೆಲವು ಮನೆಗಳಲ್ಲಿ ಬರುತ್ತದೆ. ರಕ್ತದ ಕ್ಯಾನ್ಸರ್, ಥಲಸ್ಸೇಮಿಯಾ, ಮಜ್ಜೆಯೇ ಬತ್ತಿಹೋಗುವ ಅಪ್ಲಾಸ್ಟಿಕ್ ಅನೀಮಿಯಾ ಮೊದಲಾದ ಕಾಯಿಲೆಗಳಿಗೆ ಇಂದು ಆಕರಕೋಶಗಳ ಕಸಿ, ಅಂದರೆ ಸ್ಟೆಮ್ ಸೆಲ್ ಕಸಿ, ಒಂದು ದೊಡ್ಡ ಆಸರೆ. ಜನರ ಬಾಯಲ್ಲಿ ಅದು ಮಜ್ಜೆ ಕಸಿ. ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದು, ಸಾಲಸೋಲ ಮಾಡಿ, ಮಗುವನ್ನು ಉಳಿಸಿಕೊಂಡು ಮನೆಗೆ ಬಂದ ತಾಯಿಗೆ, ಆರು ತಿಂಗಳ ನಂತರ ವೈದ್ಯರು “ಎಲ್ಲ ಲಸಿಕೆಗಳನ್ನೂ ಮೊದಲಿನಿಂದ ಹಾಕಿಸಬೇಕು” ಎಂದರೆ ಆಕೆ ಏನೆಂದಾಳು? “ಸಣ್ಣಿದ್ದಾಗ್ಲೇ ಎಲ್ಲಾ ಹಾಕ್ಸಿ ಆಗಿತ್ತಲ್ಲ ಡಾಕ್ಟ್ರೆ, ಮತ್ತೆಂತಕ್ಕೆ?” ಎಂದು ಕೇಳುವುದು ಸಹಜವೇ.

ಈ ‘ಎಂತಕ್ಕೆ’ ಎಂಬ ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕ ಮನೆಯಲ್ಲಿ ಎರಡನೆಯ ಕಾರ್ಡು ತುಂಬುತ್ತದೆ. ಸಿಗದ ಮನೆಯಲ್ಲಿ ಅರ್ಧಕ್ಕೆ ನಿಲ್ಲುತ್ತದೆ. ಕ್ಯಾನ್ಸರನ್ನು ಗೆದ್ದು ಬಂದ ಮಗು ತಡೆಯಬಹುದಾಗಿದ್ದ ನ್ಯುಮೋನಿಯಾಕ್ಕೋ ದಡಾರಕ್ಕೋ ಬಲಿಯಾಗುವ ಅಪಾಯ ಇರುವುದು ಇಲ್ಲಿಯೇ.

ಹೊಸ ಕಾವಲುಗಾರರು

ನಮ್ಮ ಮೂಳೆಗಳ ಒಳಗಿನ ಮೆತ್ತನೆಯ ಮಜ್ಜೆಯೇ ರಕ್ತದ ಕಾರ್ಖಾನೆ. ಕೆಂಪು ಕಣ, ಬಿಳಿ ಕಣ, ಕಿರುತಟ್ಟೆಗಳೆಲ್ಲ ಅಲ್ಲಿನ ಆಕರಕೋಶಗಳಿಂದಲೇ ಹುಟ್ಟುತ್ತವೆ. ಬಿಳಿ ಕಣಗಳಲ್ಲಿ ಕೆಲವಕ್ಕೆ ವಿಶೇಷವಾದ ಗುಣವಿದೆ. ಒಮ್ಮೆ ಕಂಡ ರೋಗಾಣುವಿನ ಗುರುತನ್ನು ಅವು ವರ್ಷಗಟ್ಟಲೆ, ಕೆಲವೊಮ್ಮೆ ಜೀವಮಾನವಿಡೀ ಇಟ್ಟುಕೊಳ್ಳುತ್ತವೆ. ಲಸಿಕೆ ಕೆಲಸ ಮಾಡುವುದು ಈ ಗುಣವನ್ನು ನಂಬಿಯೇ. ಸತ್ತ ಅಥವಾ ಬಲಗುಂದಿಸಿದ ರೋಗಾಣುವನ್ನೋ ಅದರ ಒಂದು ಚೂರನ್ನೋ ತೋರಿಸಿ, “ಇವನ ಮುಖ ನೋಡಿಟ್ಟುಕೊ” ಎಂದು ದೇಹಕ್ಕೆ ಹೇಳಿಕೊಡುವುದೇ ಲಸಿಕೆ.

ಕಸಿಗೆ ಮುಂಚೆ ರೋಗಿಗೆ ತೀವ್ರವಾದ ಔಷಧಗಳನ್ನು, ಕೆಲವೊಮ್ಮೆ ವಿಕಿರಣವನ್ನೂ ಕೊಟ್ಟು ಹಳೆಯ ಮಜ್ಜೆಯನ್ನು ತೆರವು ಮಾಡುತ್ತಾರೆ. ಆಮೇಲೆ ದಾನಿಯ ಆಕರಕೋಶಗಳನ್ನು ರಕ್ತ ಕೊಟ್ಟಂತೆ ನಾಳದ ಮೂಲಕ ಹರಿಸುತ್ತಾರೆ. ಒಡಹುಟ್ಟಿದವರಲ್ಲಿ ಪೂರ್ಣ ಹೊಂದಾಣಿಕೆ ಸಿಗುವ ಸಾಧ್ಯತೆ ನಾಲ್ಕರಲ್ಲಿ ಒಂದು. ಕೋಶಗಳು ಮೂಳೆಯೊಳಗೆ ನೆಲೆ ಕಂಡುಕೊಂಡು ಹೊಸ ರಕ್ತವನ್ನು ತಯಾರಿಸತೊಡಗಿದರೆ ಕಸಿ ಹಿಡಿಯಿತೆಂದು ಅರ್ಥ. ಆದರೆ ಹಳೆಯ ಮಜ್ಜೆಯೊಡನೆ ಹಳೆಯ ನೆನಪೂ ಹೋಗುತ್ತದೆ. ಊರಿನ ಕಳ್ಳರನ್ನೆಲ್ಲ ಮುಖ ನೋಡಿಯೇ ಗುರುತಿಸುತ್ತಿದ್ದ ಕಾವಲುಗಾರರನ್ನು ಒಟ್ಟಿಗೆ ಕಳಿಸಿ, ಪರವೂರಿನವರನ್ನು ತಂದು ನಿಲ್ಲಿಸಿದಂತಾಗುತ್ತದೆ. ಹೊಸಬರು ಗಟ್ಟಿಗರೇ ಇರಬಹುದು. ಆದರೆ ಯಾರು ಕಳ್ಳ, ಯಾರು ನೆಂಟ ಎಂಬುದು ಅವರಿಗೆ ತಿಳಿಯದು.

ದಾನಿಗೆ ಲಸಿಕೆ ಆಗಿರುತ್ತದಲ್ಲ, ಅವನ ನೆನಪು ಸಾಲದೆ ಎಂದು ಕೇಳಬಹುದು. ಅದರ ಸ್ವಲ್ಪ ಭಾಗ ಬರುವುದುಂಟು, ಆದರೆ ಅದು ಬಾಳುವುದಿಲ್ಲ. ಮತ್ತೆ ಲಸಿಕೆ ಹಾಕಿಸದಿದ್ದರೆ, ರಕ್ತದಲ್ಲಿ ಉಳಿದಿದ್ದ ರಕ್ಷಣೆ ಕಸಿಯ ನಂತರದ ವರ್ಷಗಳಲ್ಲಿ ಇಳಿಯುತ್ತ ಹೋಗುತ್ತದೆಂದು ಹಲವು ದೇಶಗಳ ವೈದ್ಯರು ಕಂಡುಕೊಂಡಿದ್ದಾರೆ. ಹೊರಗಿನಿಂದ ನೋಡಿದರೆ ಏನೂ ತಿಳಿಯುವುದಿಲ್ಲ. ಕೂದಲು ಬಂದಿರುತ್ತದೆ, ಹಸಿವೆ ಮರಳಿರುತ್ತದೆ, ಮಗು ಆಡುತ್ತಿರುತ್ತದೆ. ಧನುರ್ವಾಯು, ಗಂಟಲಮಾರಿ, ಪೋಲಿಯೊಗಳ ವಿರುದ್ಧದ ಬೇಲಿ ಮಾತ್ರ ಒಳಗಿಂದೊಳಗೇ ಸಡಿಲವಾಗುತ್ತಿರುತ್ತದೆ.

ಬೇರೆ ದಾನಿಯಿಲ್ಲದೆ ತಮ್ಮದೇ ಆಕರಕೋಶಗಳನ್ನು ತೆಗೆದಿಟ್ಟು ಮರಳಿ ಪಡೆಯುವವರೂ ಇದ್ದಾರೆ. ಮೈಲೋಮಾ, ಲಿಂಫೋಮಾ ಕಾಯಿಲೆಗಳಿಗೆ ಹೀಗೆ ಮಾಡುವುದುಂಟು. ಕೋಶಗಳು ನಮ್ಮವೇ ಆದ್ದರಿಂದ ಲಸಿಕೆ ಬೇಡವೆಂದು ಅವರೂ ತಿಳಿಯಬಾರದು. ಮರುಲಸಿಕೆ ಅವರಿಗೂ ಬೇಕು.

ಮುಂಬಯಿಯಲ್ಲಿ ಮೊದಲ ಹೆಜ್ಜೆ

ಭಾರತದಲ್ಲಿ ಮಜ್ಜೆ ಕಸಿಯ ಚರಿತ್ರೆ ಶುರುವಾದದ್ದು 1983ರಲ್ಲಿ, ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ. ರಕ್ತದ ಕ್ಯಾನ್ಸರಿನಿಂದ ಬಳಲುತ್ತಿದ್ದ ಒಂಬತ್ತು ವರ್ಷದ ಬಾಲಕಿಗೆ ಒಡಹುಟ್ಟಿದವರ ಮಜ್ಜೆಯನ್ನು ಕಸಿ ಮಾಡಲಾಯಿತು. ಅದನ್ನು ಮಾಡಿದವರು ಡಾ. ಸುರೇಶ್ ಆಡ್ವಾಣಿ. 1986ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿಯೂ ಈ ಕೆಲಸ ಪ್ರಾರಂಭವಾಯಿತು. ಮಜ್ಜೆ ಕಸಿಯ ಜನಕರೆನಿಸಿದ ಅಮೆರಿಕದ ಡೊನಾಲ್ ಥಾಮಸ್ ಅವರಿಗೆ ನೊಬೆಲ್ ಪ್ರಶಸ್ತಿ ಬಂದದ್ದು 1990ರಲ್ಲಿ.

ಡಾ. ಆಡ್ವಾಣಿಯವರ ಬದುಕಿನ ಒಂದು ಸಂಗತಿಯನ್ನು ಇಲ್ಲಿ ನೆನೆಯಬೇಕು. ಎಂಟನೆಯ ವಯಸ್ಸಿನಲ್ಲಿ ಅವರಿಗೆ ಪೋಲಿಯೊ ತಗುಲಿತು. ಗಾಲಿಕುರ್ಚಿಯಲ್ಲಿ ಕುಳಿತೇ ಅವರು ವೈದ್ಯರಾದರು, ಗಾಲಿಕುರ್ಚಿಯಿಂದಲೇ ಸಾವಿರಾರು ರೋಗಿಗಳನ್ನು ನೋಡಿದರು. ಅವರು 1947ರಲ್ಲಿ ಹುಟ್ಟಿದವರು. ಸಾಕ್ ಅವರ ಪೋಲಿಯೊ ಲಸಿಕೆ ಅಮೆರಿಕದಲ್ಲಿ ಬಳಕೆಗೆ ಬಂದದ್ದು 1955ರಲ್ಲಿ. ಆ ಕಾಲದ ಭಾರತದ ಮಕ್ಕಳಿಗೆ ಅದು ಸಿಗುವಂತಿರಲಿಲ್ಲ. ಇಂದಿನ ಮಕ್ಕಳಿಗೆ ಲಸಿಕೆ ಇದೆ. ಕಸಿಯಾದ ಮಗುವಿಗೂ ಇದೆ, ಎರಡನೆಯ ಬಾರಿ ಹಾಕಿಸಿದರೆ.

ಈಗ ಕಸಿಗಾಗಿ ಮುಂಬಯಿಗೋ ವೆಲ್ಲೂರಿಗೋ ಹೋಗಲೇಬೇಕೆಂದಿಲ್ಲ. ಬೆಂಗಳೂರಿನಲ್ಲಿ ಹಲವು ಕೇಂದ್ರಗಳಿವೆ, ಮಣಿಪಾಲದಲ್ಲಿಯೂ ಸೌಲಭ್ಯವಿದೆ. ಆದರೂ ಶಿರಾಲಿಯಿಂದ ಮಣಿಪಾಲ ಸುಮಾರು ನೂರು ಕಿಲೊಮೀಟರು, ಬೆಂಗಳೂರು ಐನೂರರ ಸಮೀಪ. ಕಾರವಾರದಲ್ಲಿ ಸರಕಾರಿ ವೈದ್ಯಕೀಯ ಕಾಲೇಜು ಇದ್ದರೂ ದೊಡ್ಡ ಕಾಯಿಲೆಗಳಿಗೆ ಉತ್ತರ ಕನ್ನಡದ ಜನ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವೆಯ ದಾರಿ ಹಿಡಿಯುವುದು ತಪ್ಪಿಲ್ಲ. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು 2022ರಲ್ಲಿ ಇಲ್ಲಿ ದೊಡ್ಡ ಕೂಗೇ ಎದ್ದಿತ್ತು. ಲಸಿಕೆಯ ವಿಷಯದಲ್ಲಿ ಈ ದೂರವನ್ನು ಮರೆಯುವಂತಿಲ್ಲ. ಕಸಿಗೆ ಒಮ್ಮೆ ಹೋದರಾಯಿತು. ಲಸಿಕೆಗೆ ಮತ್ತೆ ಮತ್ತೆ ಹೋಗಬೇಕು.

ತಾರೀಕಿನ ಲೆಕ್ಕ

ಕಸಿಯಾದ ದಿನವನ್ನು ವೈದ್ಯರು ‘ಸೊನ್ನೆಯ ದಿನ’ ಎಂದು ಎಣಿಸುತ್ತಾರೆ. ಎಷ್ಟೋ ಮನೆಗಳಲ್ಲಿ ಅದನ್ನು ಮಗುವಿನ ಎರಡನೆಯ ಹುಟ್ಟುಹಬ್ಬವೆಂದೇ ಕರೆಯುತ್ತಾರೆ. ಲಸಿಕೆಯ ಮಟ್ಟಿಗೆ ಇದು ಬರಿಯ ಅಲಂಕಾರದ ಮಾತಲ್ಲ. ಕಸಿಯಾದವನ ವಯಸ್ಸು ಹನ್ನೆರಡಾಗಿರಲಿ, ನಲವತ್ತಾಗಿರಲಿ, ಲಸಿಕೆಯ ಲೆಕ್ಕದಲ್ಲಿ ಅವನು ಹಸುಗೂಸು.

ಹುಟ್ಟಿದ ದಿನವೇ ಎಲ್ಲವನ್ನೂ ಕೊಡಲಾಗದಂತೆ, ಇಲ್ಲಿಯೂ ಕಾಯಬೇಕಾಗುತ್ತದೆ. ಹೊಸ ರಕ್ಷಣಾ ವ್ಯವಸ್ಥೆ ಕಲಿಯುವಷ್ಟು ಬೆಳೆಯದಿದ್ದರೆ ಲಸಿಕೆ ಕೊಟ್ಟರೂ ಹಿಡಿಯುವುದಿಲ್ಲ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2000ದಲ್ಲಿ ಈ ಬಗ್ಗೆ ಸೂಚನೆಗಳನ್ನು ಹೊರಡಿಸಿತು. 2009ರಲ್ಲಿ ಹಲವು ದೇಶಗಳ ತಜ್ಞರು ಸೇರಿ, 2019ರಲ್ಲಿ ಯೂರೋಪಿನ ತಜ್ಞರು ಅವನ್ನು ಪರಿಷ್ಕರಿಸಿದರು. ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲ್ಪಸ್ವಲ್ಪ ವ್ಯತ್ಯಾಸವಿದ್ದರೂ ಒಟ್ಟು ಕ್ರಮ ಹೀಗಿದೆ:

• ಕಸಿಯಾಗಿ ಮೂರರಿಂದ ಆರು ತಿಂಗಳಿಗೆ ನ್ಯುಮೋಕಾಕಸ್ ಲಸಿಕೆ. ತಿಂಗಳಿಗೊಂದರಂತೆ ಮೂರು, ಆಮೇಲೆ ಮತ್ತೊಂದು. ನ್ಯುಮೋನಿಯಾ, ರಕ್ತದ ನಂಜು, ಮಿದುಳಿನ ಪೊರೆಯ ಉರಿಯೂತ ತರುವ ಈ ರೋಗಾಣುವಿನ ಕಾಟ ಕಸಿಯಾದವರಿಗೆ ಉಳಿದವರಿಗಿಂತ ಹಲವು ಪಟ್ಟು ಹೆಚ್ಚು.

• ಆರನೆಯ ತಿಂಗಳಿನ ಸುಮಾರಿಗೆ ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ಲಸಿಕೆ, ಹಿಬ್ ಲಸಿಕೆ, ಚುಚ್ಚುಮದ್ದಿನ ಪೋಲಿಯೊ ಲಸಿಕೆ, ಹೆಪಟೈಟಿಸ್-ಬಿ. ಪ್ರತಿಯೊಂದೂ ಮೂರು ಸಲ. ಒಂದೇ ಸೂಜಿಯಲ್ಲಿ ಹಲವನ್ನು ಸೇರಿಸಿ ಕೊಡುವ ಲಸಿಕೆಗಳಿರುವುದರಿಂದ ಚುಚ್ಚುವ ಸಂಖ್ಯೆಯನ್ನು ಕಡಿಮೆ ಮಾಡಬಹುದು.

• ಫ್ಲೂ ಲಸಿಕೆ ಪ್ರತಿ ವರ್ಷ. ಕರಾವಳಿಯಲ್ಲಿ ಮಳೆಗಾಲವೇ ಫ್ಲೂ ಏಳುವ ಕಾಲವಾದ್ದರಿಂದ ಮಳೆ ಹಿಡಿಯುವ ಮುಂಚೆ ಹಾಕಿಸುವುದು ಲೇಸು. ಮನೆಯವರೆಲ್ಲರೂ ಹಾಕಿಸಿಕೊಂಡರೆ ಇನ್ನೂ ಮೇಲು. ಕೋವಿಡ್ ಲಸಿಕೆಯನ್ನು ಯಾವಾಗ ಕೊಡಬೇಕೆಂದು ವೈದ್ಯರನ್ನು ಕೇಳಬೇಕು.

• ಎರಡು ವರ್ಷ ತುಂಬಿದ ಮೇಲೆ ದಡಾರ-ಮಂಗನಬಾವು-ರುಬೆಲ್ಲಾ ಲಸಿಕೆ ಮತ್ತು ಸೀತಾಳೆ ಸಿಡುಬಿನ ಲಸಿಕೆ. ಇವು ಜೀವಂತ ಲಸಿಕೆಗಳು. ಇವಕ್ಕೆ ಬೇರೆಯೇ ನಿಯಮವಿದೆ.

ಕೆಲವು ರೋಗಿಗಳಲ್ಲಿ ದಾನಿಯ ಕೋಶಗಳು ರೋಗಿಯ ಚರ್ಮ, ಕರುಳು, ಯಕೃತ್ತಿನ ಮೇಲೆ ತಿರುಗಿಬೀಳುತ್ತವೆ. ವೈದ್ಯರು ಇದನ್ನು ಜಿ.ವಿ.ಎಚ್.ಡಿ. ಎನ್ನುತ್ತಾರೆ. ಇದನ್ನು ಹತ್ತಿಕ್ಕಲು ಕೊಡುವ ಮಾತ್ರೆಗಳು ರೋಗನಿರೋಧಕ ಶಕ್ತಿಯನ್ನೂ ಕುಗ್ಗಿಸುತ್ತವೆ. ಇಂಥವರಲ್ಲಿ ಲಸಿಕೆಯ ವೇಳಾಪಟ್ಟಿ ಬದಲಾಗಬಹುದು. ಆದರೆ ‘ಮುಂದೆ ಹಾಕಿದ್ದಾರೆ’ ಎಂಬುದಕ್ಕೂ ‘ಬೇಡವೆಂದಿದ್ದಾರೆ’ ಎಂಬುದಕ್ಕೂ ಬಹಳ ಅಂತರವಿದೆ. ಮುಂದೆ ಹಾಕಿದರೆ ಹೊಸ ತಾರೀಕನ್ನು ಅಲ್ಲಿಯೇ ಬರೆಸಿಕೊಳ್ಳಬೇಕು.

ಜೀವಂತ ಲಸಿಕೆಯ ಎಚ್ಚರ

ಬಹುತೇಕ ಲಸಿಕೆಗಳಲ್ಲಿ ರೋಗಾಣು ಸತ್ತಿರುತ್ತದೆ ಅಥವಾ ಅದರ ಚೂರಷ್ಟೇ ಇರುತ್ತದೆ. ಅವುಗಳಿಂದ ಕಸಿಯಾದವರಿಗೆ ಆ ರೋಗ ಬರಲಾರದು. ಬಿ.ಸಿ.ಜಿ., ಬಾಯಿಗೆ ಹಾಕುವ ಪೋಲಿಯೊ ಹನಿ, ದಡಾರ, ಸೀತಾಳೆ ಸಿಡುಬಿನ ಲಸಿಕೆಗಳಲ್ಲಿ ಮಾತ್ರ ಬಲಗುಂದಿಸಿದ ಜೀವಂತ ರೋಗಾಣು ಇರುತ್ತದೆ. ಆರೋಗ್ಯವಂತರಿಗೆ ಇದರಿಂದ ತೊಂದರೆಯಿಲ್ಲ. ಕಾವಲೇ ಇಲ್ಲದ ದೇಹದಲ್ಲಿ ಆ ದುರ್ಬಲ ರೋಗಾಣುವೂ ಬಲಿಯಬಹುದು.

ಆದ್ದರಿಂದ ಕಸಿಯಾದವರಿಗೆ ಬಿ.ಸಿ.ಜಿ.ಯನ್ನೂ ಪೋಲಿಯೊ ಹನಿಯನ್ನೂ ಕೊಡುವುದಿಲ್ಲ. ದಡಾರ ಮತ್ತು ಸೀತಾಳೆ ಸಿಡುಬಿನ ಲಸಿಕೆಗಳನ್ನು ಎರಡು ವರ್ಷ ಕಳೆದು, ಜಿ.ವಿ.ಎಚ್.ಡಿ. ಇಲ್ಲದೆ, ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧಗಳನ್ನು ನಿಲ್ಲಿಸಿ ಸಾಕಷ್ಟು ಕಾಲವಾದ ಮೇಲೆ, ಕಸಿ ಮಾಡಿದ ವೈದ್ಯರ ಒಪ್ಪಿಗೆ ಇದ್ದರೆ ಮಾತ್ರ ಕೊಡುತ್ತಾರೆ.

ನಮ್ಮ ದೇಶದ ಮನೆಗಳಿಗೆ ಇನ್ನೊಂದು ಸೂಕ್ಷ್ಮವಿದೆ. ಪಲ್ಸ್ ಪೋಲಿಯೊ ಭಾನುವಾರದಂದು ಐದು ವರ್ಷದೊಳಗಿನ ಮಕ್ಕಳಿಗೆಲ್ಲ ಹನಿ ಹಾಕುತ್ತಾರೆ. ಭಾರತದಲ್ಲಿ ಕೊನೆಯ ಪೋಲಿಯೊ ಪ್ರಕರಣ 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದಲ್ಲಿ ಕಂಡಿತು. 2014ರ ಮಾರ್ಚ್ 27ರಂದು ಪೋಲಿಯೊಮುಕ್ತ ಪ್ರಮಾಣಪತ್ರ ದೊರೆಯಿತು. ಈ ಗೆಲುವಿನಲ್ಲಿ ಹನಿಯ ಪಾಲು ದೊಡ್ಡದು. ಆದರೆ ಹನಿ ಹಾಕಿಸಿಕೊಂಡ ಮಗುವಿನ ಮಲದಲ್ಲಿ ಲಸಿಕೆಯ ವೈರಸ್ ಕೆಲವು ವಾರ ಹೊರಬೀಳುತ್ತಿರುತ್ತದೆ. ಅದೇ ಮನೆಯಲ್ಲಿ ಕಸಿಯಾದ ಅಣ್ಣನೋ ಅಕ್ಕನೋ ಇದ್ದರೆ ಅವರಿಗೆ ಅಪಾಯ. ಅಂಥ ಮನೆಯ ಪುಟ್ಟ ಮಕ್ಕಳಿಗೆ ಹನಿಯ ಬದಲು ಚುಚ್ಚುಮದ್ದಿನ ಪೋಲಿಯೊ ಲಸಿಕೆ ಹಾಕಿಸಬೇಕು. ಮನೆ ಬಾಗಿಲಿಗೆ ಬಂದ ಆಶಾ ಕಾರ್ಯಕರ್ತೆಗೆ ಬಾಗಿಲು ಮುಚ್ಚಬೇಕಾಗಿಲ್ಲ. “ಮನೆಯಲ್ಲಿ ಮಜ್ಜೆ ಕಸಿಯಾದ ಮಗು ಇದೆ” ಎಂದು ವೈದ್ಯರ ಚೀಟಿ ತೋರಿಸಿದರೆ ಆಕೆಗೂ ಅರ್ಥವಾಗುತ್ತದೆ. ಒಡಹುಟ್ಟಿದವರಿಗೆ ದಡಾರದ ಲಸಿಕೆ ಹಾಕಿಸಲು ಅಡ್ಡಿಯಿಲ್ಲ, ಹಾಕಿಸಲೇಬೇಕು. ರೋಟಾವೈರಸ್ ಹನಿ ಹಾಕಿಸಿದ ಕೂಸಿನ ಬಟ್ಟೆಯನ್ನು ಕಸಿಯಾದವರು ಬದಲಿಸಬಾರದು. ಉಳಿದವರು ಕೈ ಚೆನ್ನಾಗಿ ತೊಳೆದುಕೊಳ್ಳಬೇಕು.

ಎಲ್ಲಿ ತಪ್ಪಿಹೋಗುತ್ತದೆ?

ಹಲವು ಸಲ ಹಾಕಿಸಬೇಕಾದ ಲಸಿಕೆಯನ್ನು ಜನ ನಡುವೆಯೇ ಬಿಡುವುದು ಉತ್ತರ ಕನ್ನಡಕ್ಕೆ ಹೊಸ ಸಂಗತಿಯಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಸಿದ್ದಾಪುರ, ಹೊನ್ನಾವರದ ಕಡೆಗೂ ಬಂದದ್ದನ್ನು ಇಲ್ಲಿಯವರು ಮರೆತಿಲ್ಲ. ಅದಕ್ಕೆ ಕೊಡುತ್ತಿದ್ದ ಲಸಿಕೆಯನ್ನು ತಿಂಗಳ ಅಂತರದಲ್ಲಿ ಎರಡು ಸಲ, ಆರರಿಂದ ಒಂಬತ್ತು ತಿಂಗಳ ಮೇಲೆ ಮತ್ತೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಹಾಕಿಸಬೇಕಿತ್ತು. 2005ರಿಂದ 2010ರವರೆಗಿನ ಅಂಕಿ ಅಂಶಗಳ ಅಧ್ಯಯನವೊಂದು ಎರಡು ಸಲ ಹಾಕಿಸಿಕೊಂಡವರಲ್ಲಿ ರಕ್ಷಣೆ ಸುಮಾರು ಶೇ. 62, ಮೂರನೆಯದನ್ನೂ ಹಾಕಿಸಿಕೊಂಡವರಲ್ಲಿ ಸುಮಾರು ಶೇ. 83 ಎಂದು ಲೆಕ್ಕ ಹಾಕಿತ್ತು. ಆದರೂ ನೋವಿಗೆ ಅಂಜಿ, ಕೆಲಸ ಬಿಟ್ಟು ಹೋಗಲಾಗದೆ, ಮೊದಲ ಸೂಜಿಗೆ ಬಂದವರು ಕೊನೆಯದಕ್ಕೆ ಬರುತ್ತಿರಲಿಲ್ಲ. ಆ ಲಸಿಕೆಯ ಶಕ್ತಿಯ ಬಗೆಗೇ ಸಂದೇಹ ಬೆಳೆದು ಈಗ ಅದರ ಬಳಕೆ ನಿಂತಿದೆ, ಅದು ಬೇರೆ ಮಾತು. ಎರಡನೆಯ, ಮೂರನೆಯ ಸೂಜಿಗೆ ಜನರನ್ನು ಕರೆತರುವುದು ಎಷ್ಟು ಕಷ್ಟ ಎಂಬ ಪಾಠವಂತೂ ಉಳಿಯಿತು.

ಮಜ್ಜೆ ಕಸಿಯಾದವರ ವಿಷಯದಲ್ಲಿ ಕಷ್ಟಗಳು ಇನ್ನೂ ಹೆಚ್ಚು. ಮೊದಲನೆಯದು ಮನಸ್ಸಿನ ಆಯಾಸ. ವರ್ಷಗಟ್ಟಲೆ ಸೂಜಿ ಚುಚ್ಚಿಸಿಕೊಂಡ ಮಗುವಿಗೆ ಇನ್ನೊಂದು ಸೂಜಿ ಎಂದರೆ ತಂದೆತಾಯಿಯ ಕರುಳು ಹಿಂಡುತ್ತದೆ. ಮಗು ಚೆನ್ನಾಗಿಯೇ ಇದೆಯಲ್ಲ ಎಂದು ಮುಂದೂಡುತ್ತಾರೆ. ಎರಡನೆಯದು ಖರ್ಚು. ಸರಕಾರದ ಉಚಿತ ಲಸಿಕಾ ಕಾರ್ಯಕ್ರಮ ರೂಪುಗೊಂಡಿರುವುದು ವಯಸ್ಸನ್ನು ಅನುಸರಿಸಿ. ಪೆಂಟಾವೇಲೆಂಟ್ ಕೂಸುಗಳಿಗೆ; ಹತ್ತು ವರ್ಷದ ಹುಡುಗ ಬಂದರೆ ಅವನ ಹೆಸರು ಬರೆಯುವ ಅಂಕಣವೇ ಪಟ್ಟಿಯಲ್ಲಿಲ್ಲ. ಹೊರಗೆ ಕೊಂಡರೆ ಕೆಲವು ಲಸಿಕೆಗಳಿಗೆ ಒಂದೊಂದಕ್ಕೂ ಸಾವಿರಾರು ರೂಪಾಯಿ. ಅಳ್ವೆಕೋಡಿಯ ಮೀನುಗಾರನಿಗೋ ದಿನಗೂಲಿಯವನಿಗೋ ಇದು ಸಣ್ಣ ಮೊತ್ತವಲ್ಲ. ಅದರ ಮೇಲೆ ಬಸ್ಸಿನ ಖರ್ಚು, ಹೋದ ದಿನದ ಸಂಬಳ.

ಮೂರನೆಯದು ಗೊಂದಲ. ಕಸಿ ಮಾಡಿದ ಆಸ್ಪತ್ರೆ ‘ಊರಿನಲ್ಲಿ ಹಾಕಿಸಿ’ ಎನ್ನುತ್ತದೆ. ಊರಿನ ವೈದ್ಯರಿಗೆ ಇಂಥ ರೋಗಿ ಬರುವುದೇ ಅಪರೂಪ. ಏಳು ವರ್ಷ ದಾಟಿದವರಿಗೆ ಸಾಮಾನ್ಯವಾಗಿ ಕೊಡದ ಲಸಿಕೆಯನ್ನು ಹನ್ನೆರಡರ ಹುಡುಗಿಗೆ ಕೊಡುವುದು ಹೇಗೆಂದು ಅವರು ಹಿಂಜರಿದರೆ ತಪ್ಪೆನ್ನಲಾಗದು. ‘ಕಸಿ ಮಾಡಿದಲ್ಲೇ ಕೇಳಿ’ ಎಂದು ಮರಳಿ ಕಳಿಸುತ್ತಾರೆ. ಇಬ್ಬರೂ ಒಳ್ಳೆಯ ವೈದ್ಯರೇ. ಆದರೆ ಇಬ್ಬರ ನಡುವಿನ ನೂರೋ ಐನೂರೋ ಕಿಲೊಮೀಟರಿನಲ್ಲಿ ಮಗುವಿನ ಲಸಿಕೆ ಕಳೆದುಹೋಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ತಪ್ಪಿಹೋಗುವುದು ಎರಡು ವರ್ಷದ ನಂತರದ ದಡಾರ ಮತ್ತು ಸೀತಾಳೆ ಸಿಡುಬಿನ ಲಸಿಕೆಗಳು. ಅಷ್ಟರಲ್ಲಿ ಆಸ್ಪತ್ರೆಗೆ ಹೋಗಿಬರುವುದೇ ವಿರಳವಾಗಿರುತ್ತದೆ.

ಎಳೆ ಕಡಿಯದಂತೆ

ಇದಕ್ಕೆ ಮದ್ದು ದೊಡ್ಡದೇನಲ್ಲ. ಲಸಿಕೆಯ ಕೆಲಸವನ್ನು ‘ಯಾರಾದರೂ ಮಾಡುತ್ತಾರೆ’ ಎಂದು ಬಿಡದೆ ಒಬ್ಬರಿಗೆ ಒಪ್ಪಿಸುವುದು ಮೊದಲ ಮಾತು. ಹೊರದೇಶಗಳ ಕೆಲವು ಕಸಿ ಕೇಂದ್ರಗಳಲ್ಲಿ ಇದಕ್ಕೆಂದೇ ದಾದಿಯೊಬ್ಬರೋ ಔಷಧತಜ್ಞರೋ ಇರುತ್ತಾರೆ. ರೋಗಿ ತಪಾಸಣೆಗೆ ಬಂದ ದಿನವೇ ಲಸಿಕೆ ಕೊಡುತ್ತಾರೆ, ಮುಂದಿನ ತಾರೀಕನ್ನು ಬರೆದು ಕಳಿಸುತ್ತಾರೆ, ಬರದಿದ್ದರೆ ಫೋನು ಮಾಡುತ್ತಾರೆ. ರೋಗಿ ಎಂದು ನೆನಪಿಸಿಕೊಂಡು ಕೇಳುವನೋ ಎಂದು ಕಾಯುವುದಕ್ಕಿಂತ ಇದು ಫಲಕಾರಿ.

ಮನೆಯವರು ಮಾಡಬಹುದಾದದ್ದೂ ಬಹಳವಿದೆ. ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ ಮಾತ್ರೆಯ ಚೀಟಿಯಂತೆಯೇ ಲಸಿಕೆಯ ಚೀಟಿಯನ್ನೂ ಕೇಳಿ ಪಡೆಯಬೇಕು. ಅದರಲ್ಲಿ ಕಸಿಯಾದ ತಾರೀಕು, ದಾನಿ ಯಾರು, ಯಾವ ಲಸಿಕೆ ಯಾವಾಗ, ಯಾವುದನ್ನು ಕೊಡಲೇಬಾರದು, ಸಂದೇಹ ಬಂದರೆ ಊರಿನ ವೈದ್ಯರು ಯಾರಿಗೆ ಫೋನು ಮಾಡಬೇಕು ಎಂಬುದೆಲ್ಲ ಸ್ಪಷ್ಟವಾಗಿರಬೇಕು. ಒಂದು ಪ್ರತಿ ಮನೆಯಲ್ಲಿ, ಒಂದು ಊರಿನ ವೈದ್ಯರಲ್ಲಿ, ಒಂದು ಮೊಬೈಲಿನಲ್ಲಿ ಚಿತ್ರವಾಗಿ ಇರಲಿ. ಹಾಕಿಸಿದ ಪ್ರತಿ ಲಸಿಕೆಯ ಹೆಸರು, ತಾರೀಕುಗಳನ್ನು ಅದರಲ್ಲೇ ಬರೆಸಬೇಕು. ಹಳೆಯ ತಾಯಿ ಕಾರ್ಡು ಮತ್ತು ಹೊಸ ಕಾರ್ಡು ಬೆರೆಯದಂತೆ ಬೇರೆ ಬೇರೆ ಇಡಬೇಕು.

ಖರ್ಚಿನ ಬಗ್ಗೆ ಕಸಿಗೆ ಮುಂಚೆಯೇ ವಿಚಾರಿಸುವುದು ಜಾಣತನ. ಕಸಿಗೆ ನೆರವು ನೀಡುವ ಯೋಜನೆಗಳು ಇವೆ. 2017ರಲ್ಲಿ ಆರಂಭವಾದ, ಕೋಲ್ ಇಂಡಿಯಾ ಸಂಸ್ಥೆ ಹಣ ಒದಗಿಸುವ ಥಲಸ್ಸೇಮಿಯಾ ಬಾಲ ಸೇವಾ ಯೋಜನೆಯಲ್ಲಿ ಒಂದು ಕಸಿಗೆ 10 ಲಕ್ಷ ರೂಪಾಯಿಯವರೆಗೆ ನೆರವಿದೆ. ಇಂಥ ನೆರವಿನಲ್ಲಿ ಮುಂದಿನ ಲಸಿಕೆಗಳೂ ಸೇರಿವೆಯೇ ಎಂದು ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನು ಕೇಳಬೇಕು. ಯಾವುದಾದರೂ ಲಸಿಕೆ ಊರಿನ ಸರಕಾರಿ ಕೇಂದ್ರದಲ್ಲಿ ಸಿಕ್ಕೀತೇ ಎಂದು ವೈದ್ಯರ ಪತ್ರ ಹಿಡಿದು ವಿಚಾರಿಸುವುದರಲ್ಲಿ ಸಂಕೋಚ ಬೇಡ.

ಒಂದು ತಾರೀಕು ತಪ್ಪಿದರೆ ಎಲ್ಲವೂ ಕೆಟ್ಟಿತೆಂದು ಕೈಬಿಡುವವರಿದ್ದಾರೆ. ಅದು ಸರಿಯಲ್ಲ. ಸಾಮಾನ್ಯವಾಗಿ ನಿಂತಲ್ಲಿಂದಲೇ ಮುಂದುವರಿಸಬಹುದು. ಲಸಿಕೆ ಹಿಡಿದಿದೆಯೇ ಎಂದು ರಕ್ತಪರೀಕ್ಷೆಯಿಂದ ನೋಡುವ ಕ್ರಮವೂ ಉಂಟು. ನಾಯಿ ಕಚ್ಚಿದರೆ, ತುಕ್ಕು ಹಿಡಿದ ಮೊಳೆ ಚುಚ್ಚಿದರೆ, ಹಿಂದೆ ಲಸಿಕೆ ಆಗಿದೆ ಎಂದಷ್ಟೇ ಹೇಳದೆ ಕಸಿಯಾದ ವಿಷಯವನ್ನು ವೈದ್ಯರಿಗೆ ಮೊದಲು ಹೇಳಬೇಕು. ಹಳೆಯ ಲಸಿಕೆಯನ್ನು ನಂಬಿ ಕೂರುವಂತಿಲ್ಲ.

ಶಾಲೆಯ ಪಾಲು

ಕಸಿಯಾದ ಮಗು ವೈದ್ಯರ ಅನುಮತಿ ಪಡೆದು ಒಂದು ದಿನ ಶಾಲೆಗೆ ಮರಳುತ್ತದೆ. ಅದರ ದಡಾರದ ಲಸಿಕೆಗೆ ಆಗ ಇನ್ನೂ ಒಂದು ವರ್ಷವೋ ಒಂದೂವರೆ ವರ್ಷವೋ ಬಾಕಿ ಇರಬಹುದು. ಆ ಅವಧಿಯಲ್ಲಿ ಅದಕ್ಕೆ ದಡಾರದಿಂದ ರಕ್ಷಣೆ ನೀಡುವವರು ಯಾರು? ಪಕ್ಕದ ಬೆಂಚಿನ ಗೆಳೆಯರು. ಅವರಿಗೆಲ್ಲ ಲಸಿಕೆ ಆಗಿದ್ದರೆ ರೋಗ ತರಗತಿಯೊಳಗೆ ಕಾಲಿಡುವುದು ಕಷ್ಟ.

ದಡಾರದಷ್ಟು ಬೇಗ ಹರಡುವ ರೋಗಗಳು ಕಡಿಮೆ. ರೋಗಿ ಎದ್ದುಹೋದ ಮೇಲೂ ಎರಡು ಗಂಟೆಯವರೆಗೆ ಅದರ ವೈರಸ್ ಕೋಣೆಯ ಗಾಳಿಯಲ್ಲಿ ಇರಬಲ್ಲದು. ರಕ್ಷಣೆಯಿಲ್ಲದ ಹತ್ತು ಮಂದಿ ಹತ್ತಿರವಿದ್ದರೆ ಒಂಬತ್ತು ಮಂದಿಗೆ ತಗುಲಬಹುದು. ಅದನ್ನು ಊರಿನಿಂದ ದೂರವಿಡಲು ನೂರಕ್ಕೆ ತೊಂಬತ್ತೈದು ಮಂದಿಗಾದರೂ ಎರಡು ಸಲ ಲಸಿಕೆ ಆಗಿರಬೇಕು. 2017ರಲ್ಲಿ ದಡಾರ-ರುಬೆಲ್ಲಾ ಅಭಿಯಾನ ಮೊದಲು ನಡೆದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಶಾಲೆಗಳಲ್ಲೇ ಲಸಿಕೆ ಹಾಕಿದ ಆ ದಿನಗಳಲ್ಲಿ ಸುಳ್ಳು ಸುದ್ದಿಗಳೂ ಹಬ್ಬಿದ್ದವು.

ದಡಾರದ ಬಗ್ಗೆ 2019ರಲ್ಲಿ ಬೆಳಕಿಗೆ ಬಂದ ಒಂದು ಸಂಗತಿ ವಿದ್ಯಾರ್ಥಿಗಳಿಗೆ ಕುತೂಹಲ ತಂದೀತು. ಲಸಿಕೆಯಿಲ್ಲದೆ ದಡಾರ ಬಂದ ಮಕ್ಕಳ ರಕ್ತವನ್ನು ಪರೀಕ್ಷಿಸಿದಾಗ, ಬೇರೆ ರೋಗಗಳ ವಿರುದ್ಧ ಅವರಲ್ಲಿದ್ದ ಪ್ರತಿಕಾಯಗಳೂ ಕಡಿಮೆಯಾಗಿದ್ದವು. ಕಸಿಯ ಔಷಧಗಳು ಹಳೆಯ ನೆನಪನ್ನು ಅಳಿಸಿದಂತೆ, ದಡಾರವೂ ಆರೋಗ್ಯವಂತ ಮಗುವಿನ ರಕ್ಷಣೆಯ ನೆನಪನ್ನು ಕೆಲಮಟ್ಟಿಗೆ ಅಳಿಸಿಹಾಕುತ್ತದೆ. ಗೆಳೆಯನಿಗಾಗಿ ಹಾಕಿಸಿಕೊಂಡ ಲಸಿಕೆ ತನ್ನನ್ನೂ ಕಾಯುತ್ತದೆ ಎಂದಾಯಿತು.

ಮಾಸ್ತರರೂ ಅಕ್ಕೋರೂ ಮಾಡಬೇಕಾದ ಒಂದು ಮುಖ್ಯ ಕೆಲಸವಿದೆ. ತರಗತಿಯಲ್ಲಿ ಯಾರಿಗಾದರೂ ದಡಾರವೋ ಸೀತಾಳೆ ಸಿಡುಬೋ ಬಂದದ್ದು ತಿಳಿದರೆ ಅದೇ ದಿನ ಕಸಿಯಾದ ಮಗುವಿನ ಮನೆಗೆ ತಿಳಿಸಬೇಕು. ಸೋಂಕು ತಗುಲಿರಬಹುದಾದ ಮಗುವಿಗೆ ಕೊಡುವ ಔಷಧ, ಪ್ರತಿಕಾಯಗಳ ಚುಚ್ಚುಮದ್ದುಗಳು ಕೆಲವೇ ದಿನಗಳೊಳಗೆ ಸಿಕ್ಕರೆ ಮಾತ್ರ ಪ್ರಯೋಜನ. ‘ಮನೆಗೆ ಅಮ್ಮ ಬಂದಿದ್ದಾಳೆ’ ಎಂದು ಸೀತಾಳೆ ಸಿಡುಬನ್ನು ಗುಟ್ಟಾಗಿಡುವ ಮನೆಗಳು ಇನ್ನೂ ಇವೆ. ಮನೆಯಲ್ಲಿ ಪೂಜೆ ಪಥ್ಯಗಳು ನಡೆಯಲಿ. ಶಾಲೆಗೆ ಮಾತ್ರ ತಿಳಿಸದಿರಬಾರದು.

ಕಸಿಯಾದ ಮಗುವನ್ನು ಮುಟ್ಟಿದರೆ ಏನಾದರೂ ಅಂಟೀತೆಂದು ದೂರ ಸರಿಯುವ ಮಕ್ಕಳೂ ಇರುತ್ತಾರೆ, ದೂರ ಕೂರಿಸುವ ದೊಡ್ಡವರೂ ಇರುತ್ತಾರೆ. ಕ್ಯಾನ್ಸರ್ ಅಂಟುರೋಗವಲ್ಲ, ಥಲಸ್ಸೇಮಿಯಾವೂ ಅಲ್ಲ. ಆ ಮಗುವಿನಿಂದ ಉಳಿದವರಿಗೆ ಭಯವಿಲ್ಲ. ಭಯವಿರುವುದು ಉಳಿದವರ ಕೆಮ್ಮು ನೆಗಡಿಗಳಿಂದ ಅದಕ್ಕೆ. ಕೆಮ್ಮುವಾಗ ಬಾಯಿಗೆ ಕರವಸ್ತ್ರ ಹಿಡಿಯುವುದು, ಜ್ವರ ಬಂದಾಗ ಶಾಲೆಗೆ ಬಾರದಿರುವುದು, ಐದರ ಡಿ.ಪಿ.ಟಿ., ಹತ್ತು ಹದಿನಾರರ ಟಿ.ಡಿ. ಚುಚ್ಚುಮದ್ದುಗಳನ್ನು ತಪ್ಪಿಸದಿರುವುದು, ಇಷ್ಟು ಮಾಡುವ ತರಗತಿ ಒಬ್ಬ ಗೆಳೆಯನ ಚಿಕಿತ್ಸೆಯಲ್ಲಿ ಪಾಲುಗೊಂಡಂತೆ.

ಆಸ್ಪತ್ರೆಯ ಯಂತ್ರಗಳು, ತಜ್ಞರು, ಲಕ್ಷಾಂತರ ರೂಪಾಯಿಯ ಔಷಧಗಳು, ದಾನ ಮಾಡಿದ ಒಡಹುಟ್ಟಿನ ಮಜ್ಜೆ ಎಲ್ಲ ಸೇರಿ ಒಂದು ಮಗುವನ್ನು ಮರಳಿ ಮನೆಗೆ ಕಳಿಸುತ್ತವೆ. ಅದು ಪರೀಕ್ಷೆ ಬರೆದು, ಕಾಲೇಜು ಸೇರಿ, ಕೆಲಸ ಹಿಡಿದು ಬಾಳಬೇಕಾದರೆ ಮುಂದಿನ ಎರಡು ಮೂರು ವರ್ಷ ಒಂದು ಸಣ್ಣ ಕಾರ್ಡಿನ ಚೌಕಗಳು ಒಂದೊಂದಾಗಿ ತುಂಬಬೇಕು. ಕಸಿ ಮಾಡುವುದು ದೂರದ ದೊಡ್ಡ ಊರಿನಲ್ಲಾದರೂ ಕಾರ್ಡು ತುಂಬುವ ಕೆಲಸ ಶಿರಾಲಿಯಂಥ ಊರುಗಳಲ್ಲೇ ನಡೆಯಬೇಕಾದದ್ದು.